ನೀರು ಬರುವ ದಿನ ಅವ್ವ ಮನೆ ಬಿಡುವುದಿಲ್ಲ

ರಥಯಾತ್ರೆ ನೋಡಲು ಅವ್ವ ಒಡಿಶಾದ ಪುರಿಗೆ, ನಾನು ಕೆಲಸ ಮಾಡುವ ಊರಿಗೆ, ಬರಬೇಕಿತ್ತು. ಜಗನ್ನಾಥನ ರಥ ಕಣ್ಣಾರೆ ನೋಡಬೇಕು ಅನ್ನೋದು ಅವಳ ಬಹಳ ದಿನದ ಆಸೆ. ರೈಲಿನ ಟಿಕೆಟ್ ಮಾಡಿಸಿದ್ದೆ. ತಮ್ಮ ಜೊತೆಗೆ ಬರುವವನಿದ್ದ. ಹೊರಡುವ ಹಿಂದಿನ ರಾತ್ರಿ ಧಾರವಾಡದಿಂದ ಫೋನ್ ಬಂತು.

"ನೀರ ಇನ್ನೂ ಬಂದಿಲ್ಲೋ ತಮ್ಮಾ. ಇವತ್ತ ಬರ್ಬೇಕಿತ್ತು. ನಾಳೆ ಬಿಡ್ತಾರಂತ. ಟಾಕಿ ತಳ ಕಂಡೈತಿ. ನಿಮ್ಮಪ್ಪಗ ಮೊಣಕಾಲ ನೋವು, ಕೊಡ ಎತ್ತಾಕ ಆಗೂದಿಲ್ಲ. ನಾ ಹೆಂಗ ಬರ್ಲಿ ಹೇಳು?"

ಟಿಕೆಟ್ ರದ್ದಾಯಿತು. ಮರುದಿನ ಬ್ಯಾಂಕಿನಲ್ಲಿ ಸಹೋದ್ಯೋಗಿಯೊಬ್ಬರು, "ಅಮ್ಮ ಹೊರಟರಾ?" ಅಂತ ಕೇಳಿದರು. ಅವರು ಪುರಿಯವರೇ. ರಥ ಹೋಗುವ ಬೀದಿಯಲ್ಲಿ ತಮ್ಮ ನೆಂಟರ ಮನೆಯ ಮಾಳಿಗೆ ಮೇಲೆ ಅವ್ವನಿಗೆ ಜಾಗ ಹೇಳಿಟ್ಟಿದ್ದರು. ಇಲ್ಲ, ಬರ್ತಿಲ್ಲ, ಊರಲ್ಲಿ ನೀರು ಬರುವ ದಿನ ಅಂದೆ. ಅವರು ನನ್ನ ಮುಖ ನೋಡಿದರು. "ನೀರು ಬಂದರೆ ಬರಲಿ. ಅದಕ್ಕೆ ಅಮ್ಮ ಯಾಕೆ ಮನೆಯಲ್ಲೇ ಇರಬೇಕು?"

ಚುಚ್ಚಬೇಕು ಅಂತ ಆಡಿದ ಮಾತಲ್ಲ ಅದು. ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. ಹಾಗಾಗಿಯೇ ನನಗೆ ಜಾಸ್ತಿ ನಾಟಿತು. ಧಾರವಾಡದಲ್ಲಿ ಈ ಕಾರಣ ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಮದುವೆಗೆ ಬರಲಿಲ್ಲವೇ, ನೀರು ಬಂದಿತ್ತು. ಕುಬಸಕ್ಕೆ ತಡವಾಯಿತೇ, ನೀರು ಬಂದಿತ್ತು. ಕೇಳಿದವರು ತಲೆಯಾಡಿಸಿ, ನಿಮ್ಮ ಕಡೆ ಈಗ ಎಷ್ಟು ದಿನಕ್ಕೊಮ್ಮೆ ಅಂತ ವಿಚಾರಿಸುತ್ತಾರೆ. ಕಾರಣ ಅಷ್ಟು ಗಟ್ಟಿ. ಆದರೆ ಅದೇ ದೇಶದ ಇನ್ನೊಂದು ಊರಿನ ಮನುಷ್ಯನಿಗೆ ಆ ಕಾರಣ ಒಗಟಾಗಿ ಕಂಡಿತು.

ಪುರಿ ಏನು ಸ್ವರ್ಗವಲ್ಲ. ಸಮುದ್ರದ ಉಪ್ಪು ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತವೆ. ಬೇಸಿಗೆಯ ಸೆಕೆಗೆ ಹಗಲೆಲ್ಲ ಮೈ ಅಂಟಂಟು. ಹಬ್ಬದ ದಿನಗಳಲ್ಲಿ ಬೀದಿಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಆದರೆ ಇಲ್ಲಿ ನಳದಲ್ಲಿ ನೀರು ಸದಾ ಇರುತ್ತದೆ. 2021ರ ಜುಲೈ 26ರಂದು ಆಗಿನ ಮುಖ್ಯಮಂತ್ರಿ ನವೀನ್ ಪಟ್ನಾಯಕ್ ಇಲ್ಲಿ ಸುಜಲ ಯೋಜನೆಗೆ ಚಾಲನೆ ಕೊಟ್ಟರು. ದಿನದ 24 ಗಂಟೆ, ನಳದಿಂದಲೇ ಬಾಯಿಗೆ ಹಿಡಿದು ಕುಡಿಯಬಹುದಾದ ನೀರು. ಹೀಗೆ ಇಡೀ ಊರಿಗೆ ಕೊಟ್ಟ ದೇಶದ ಮೊದಲ ನಗರ ಇದೇ ಅಂತ ಆಗ ದೊಡ್ಡ ಸುದ್ದಿಯಾಗಿತ್ತು. ವರ್ಗವಾಗಿ ಇಲ್ಲಿಗೆ ಬರುವ ಮೊದಲು ನಾನೂ ಓದಿದ್ದೆ. ಸರ್ಕಾರದ ಜಾಹೀರಾತು ಇರಬೇಕು ಅಂದುಕೊಂಡಿದ್ದೆ.

ನನ್ನ ಹೆಂಡತಿ ಗದಗದವಳು. ಅಲ್ಲಿನ ನೀರಿನ ಕಥೆ ಧಾರವಾಡಕ್ಕಿಂತ ಕಷ್ಟದ್ದು. ಇಲ್ಲಿಗೆ ಬಂದ ಹೊಸತರಲ್ಲಿ ಅವಳು ರಾತ್ರಿ ಮಲಗುವ ಮುಂಚೆ ಎಲ್ಲ ತುಂಬಿಸಿಡುತ್ತಿದ್ದಳು. ಬಚ್ಚಲಿನ ಡ್ರಮ್ಮು, ಅಡುಗೆಮನೆಯ ತಾಮ್ರದ ಕೊಡ, ಕುಕ್ಕರು, ಚರಿಗೆ, ಕೊನೆಗೆ ಮಗುವಿನ ಟಬ್ಬು. ಪಕ್ಕದ ಮನೆಯ ಹೆಂಗಸು ನೋಡಿ, ಮನೆಯಲ್ಲಿ ಏನಾದರೂ ಪೂಜೆ ಇದೆಯಾ ಅಂತ ಕೇಳಿದ್ದರಂತೆ. ಮೊದಲು ಟಬ್ಬು ಖಾಲಿಯಾಯಿತು. ಆಮೇಲೆ ಚರಿಗೆ. ಕೊನೆಗೆ ಡ್ರಮ್ಮನ್ನು ಮಾಳಿಗೆಗೆ ಸಾಗಿಸಿದೆವು. ಕೊಡ ಮಾತ್ರ ಇನ್ನೂ ತುಂಬಿಯೇ ಇರುತ್ತದೆ. ಬೆಳಗ್ಗೆ ಎದ್ದ ತಕ್ಷಣ ನಳ ತಿರುಗಿಸಿ ನೋಡುವ ಅಭ್ಯಾಸ ಹೋಗಲು ಬಹಳ ತಿಂಗಳು ಹಿಡಿಯಿತು. ಅದು ಹೋದ ಮೇಲೆ ಅವಳು ಹೊಲಿಗೆ ಕ್ಲಾಸಿಗೆ ಸೇರಿದಳು. ಎರಡಕ್ಕೂ ಸಂಬಂಧ ಇದೆ ಅಂತ ಅವಳೇ ಹೇಳಿದ್ದು. "ಊರಾಗ ಇದ್ದಿದ್ರ ಹೆಂಗ ಸೇರ್ತಿದ್ದೆ? ಯಾವತ್ತ ಮನ್ಯಾಗ ಇರ್ಬೇಕಾಗ್ತದ ಅನ್ನೂದ ಗೊತ್ತಾಗೂದಿಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಷ್ಟ ಇರುವುದು ನೀರು ಕಡಿಮೆ ಬರುವುದರಲ್ಲಿ ಮಾತ್ರ ಅಲ್ಲ. ಯಾವತ್ತು, ಎಷ್ಟು ಹೊತ್ತಿಗೆ ಬರುತ್ತದೆ ಅಂತ ತಿಳಿಯದೆ ಇರುವುದರಲ್ಲಿ. ವಾರಕ್ಕೊಮ್ಮೆ ಅಂತಾರೆ. ಬೇಸಿಗೆಯಲ್ಲಿ ಅದು ಹತ್ತು ದಿನವಾಗುತ್ತದೆ. ಎಲ್ಲೋ ಪೈಪು ಒಡೆದರೆ, ಪಂಪ್‌ಹೌಸಿನಲ್ಲಿ ಕರೆಂಟ್ ಹೋದರೆ ಮತ್ತೂ ಒಂದೆರಡು ದಿನ. ಬಂದರೂ ಹೊತ್ತು ಗೊತ್ತಿಲ್ಲ. ಸಂಜೆ ನಾಲ್ಕಕ್ಕೂ ಬರಬಹುದು, ರಾತ್ರಿ ಎರಡಕ್ಕೂ ಬರಬಹುದು. ಹಾಗಾಗಿ ನೀರು ಬರುವ ದಿನ ಅಂದರೆ ಒಂದು ದಿನವಲ್ಲ. ಅದರ ಹಿಂದಿನ ದಿನ, ಆ ದಿನ, ಬರದೇ ಇದ್ದರೆ ಮರುದಿನ. ಮನೆಯಲ್ಲಿ ಒಬ್ಬರು ಕಾಯಬೇಕು. ಆ ಒಬ್ಬರು ಯಾರು ಅನ್ನೋದು ಮೊದಲೇ ತೀರ್ಮಾನವಾಗಿರುತ್ತದೆ. ಅಪ್ಪನಿಗೆ ಆಫೀಸು ಇತ್ತು. ನಮಗೆ ಸಾಲಿ. ಅವ್ವ ಉಳಿದಳು.

ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದು ಇದೇ. ರಾತ್ರಿ ನಳದ ಬಾಯಿಯಿಂದ ಮೊದಲು ಗಾಳಿ ಬರುತ್ತದೆ. ಸುಸ್ ಅಂತ ಸದ್ದು. ಅವ್ವ ಅಷ್ಟಕ್ಕೇ ಎದ್ದುಬಿಡುವಳು. ಮೊದಲ ಐದಾರು ಬಕೆಟ್ ನೀರು ಕೆಂಪಗೆ, ಕೆಲವು ಸಲ ನಾತ. ಅದನ್ನು ಅಂಗಳಕ್ಕೆ ಚೆಲ್ಲುವುದು. ಆಮೇಲೆ ತಿಳಿಯಾದ ಮೇಲೆ ಕುಡಿಯುವ ಕೊಡಕ್ಕೆ ಬಟ್ಟೆ ಕಟ್ಟಿ ಸೋಸಿ ಹಿಡಿಯುವುದು. ಹಿಂದಿನ ಸಲದ ನೀರು ಉಳಿದಿದ್ದರೆ ಅದು ಹಳೇ ನೀರು, ಚೆಲ್ಲಿ ಹೊಸದು ತುಂಬುವುದು. ಅಷ್ಟರಲ್ಲಿ ಎದುರು ಮನೆಯವರು ಪೈಪಿಗೇ ಮೋಟಾರು ಹಚ್ಚುತ್ತಾರೆ. ನಮ್ಮ ನಳದ ಧಾರೆ ಸಣ್ಣಗಾಗುತ್ತದೆ. ನಡುರಾತ್ರಿ ಓಣಿಯಲ್ಲಿ ಜಗಳ. ಹಗಲು ಸಕ್ಕರೆ, ಹೆಪ್ಪು ಕೊಟ್ಟು ತಗೊಳ್ಳುವ ಮನೆಗಳವು. ಆ ಹೊತ್ತಿನಲ್ಲಿ ಮಾತ್ರ ಒಬ್ಬರನ್ನೊಬ್ಬರು ಕಳ್ಳರು ಅನ್ನುತ್ತಿದ್ದರು.

ಮೊದಲ ನೀರು ಯಾಕೆ ಕೆಟ್ಟಿರುತ್ತದೆ ಅನ್ನೋದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ನೀರು ನಿಂತಾಗ ಪೈಪು ಖಾಲಿಯಾಗುತ್ತದೆ. ಒಳಗೆ ಒತ್ತಡ ಇರುವುದಿಲ್ಲ. ಪಕ್ಕದಲ್ಲೇ ಗಟಾರ ಹರಿಯುತ್ತಿರುತ್ತದೆ. ಬಿರುಕಿನಿಂದ ಆ ಹೊಲಸು ಪೈಪಿನೊಳಗೆ ಸೇರಿಕೊಳ್ಳುತ್ತದೆ. ಪೈಪು ಯಾವಾಗಲೂ ತುಂಬಿದ್ದರೆ ಬಿರುಕಿದ್ದರೂ ನೀರು ಹೊರಕ್ಕೆ ಸೋರುತ್ತದೆ, ಹೊಲಸು ಒಳಕ್ಕೆ ಬರುವುದು ಕಷ್ಟ. ಅಂದರೆ ಬಿಟ್ಟು ಬಿಟ್ಟು ನೀರು ಕೊಡುವ ಪದ್ಧತಿಯೇ ನೀರನ್ನು ಕೆಡಿಸುತ್ತದೆ. ಶುದ್ಧೀಕರಣ ಘಟಕದಲ್ಲಿ ಎಷ್ಟೇ ಚೆನ್ನಾಗಿ ಸೋಸಿದರೂ ಅಷ್ಟೇ.

ಪುರಿಯಲ್ಲಿ ಇದನ್ನು ನನಗೆ ತಿಳಿಸಿದ್ದು ಯಾವ ಎಂಜಿನಿಯರೂ ಅಲ್ಲ, ಒಬ್ಬ ಜಲಸಾಥಿ. ಮಹಿಳಾ ಸ್ವಸಹಾಯ ಸಂಘಗಳಿಂದ ಆರಿಸಿದ ಹೆಂಗಸರಿಗೆ ಒಡಿಶಾದಲ್ಲಿ ಈ ಕೆಲಸ ಕೊಟ್ಟಿದ್ದಾರೆ. ಮನೆಮನೆಗೆ ಬಂದು ಮೀಟರ್ ಓದುತ್ತಾರೆ, ಬಿಲ್ಲು ಕೊಟ್ಟು ಹಣ ತಗೊಳ್ಳುತ್ತಾರೆ, ನೀರು ಪರೀಕ್ಷೆ ಮಾಡುತ್ತಾರೆ. ನಮ್ಮ ಮನೆಗೆ ಬರುವ ದೀದಿ ಚೀಲದಿಂದ ಸಣ್ಣ ಗಾಜಿನ ಕೊಳವೆ ತೆಗೆದು, ಅಡುಗೆಮನೆಯ ನಳದಿಂದ ನೀರು ಹಿಡಿದು, ಅದಕ್ಕೆ ಒಂದೆರಡು ಹನಿ ಔಷಧ ಹಾಕಿದರು. ನೀರು ತೆಳು ಹಳದಿಗೆ ತಿರುಗಿತು. ಕ್ಲೋರಿನ್ ಸರಿಯಾಗಿದೆ ನೋಡಿ ಅಂತ ನನ್ನ ಹೆಂಡತಿಯ ಕೈಗೆ ಕೊಳವೆ ಕೊಟ್ಟರು. ಆಮೇಲೆ ಅದೇ ನಳದಿಂದ ಒಂದು ಲೋಟ ಹಿಡಿದು ತಾವೂ ಕುಡಿದರು. ಬಿಸಿಲಲ್ಲಿ ನಡೆದು ಬಂದಿದ್ದರಲ್ಲ. ನಮ್ಮೂರಲ್ಲಿ ನೀರು ಹೆಂಗಸರನ್ನು ಮನೆಯಲ್ಲಿ ಕಟ್ಟಿಹಾಕಿದೆ. ಇಲ್ಲಿ ಅದೇ ನೀರು ಒಬ್ಬ ಹೆಂಗಸನ್ನು ಮನೆಯಿಂದ ಹೊರಗೆ ತಂದು, ಕೈಗೆ ಸಂಬಳ ಕೊಟ್ಟು, ಓಣಿಯಲ್ಲಿ ಗೌರವ ಕೊಟ್ಟಿದೆ. ಈ ವ್ಯತ್ಯಾಸ ನೋಡಿದಾಗೆಲ್ಲ ನನಗೆ ನಮ್ಮೂರಿನ ಮೇಲೆ ಸಿಟ್ಟು ಬರುತ್ತದೆ.

ಸಂವಿಧಾನದ 19ನೇ ವಿಧಿ ಓದಿದರೆ ಅವ್ವ ದೇಶದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಬಸ್ಸಿಗೆ ಟಿಕೆಟ್ ಹಣವೂ ಬೇಡ. ಕೇಳಲು ಎಷ್ಟು ಚೆಂದ. ಆದರೆ ಅವಳು ಬಸ್‌ಸ್ಟ್ಯಾಂಡಿಗೆ ಹೋಗಬೇಕಾದರೆ ಮೊದಲು ಮನೆಯ ಬಾಗಿಲು ದಾಟಬೇಕಲ್ಲ. ಅಲ್ಲಿ ಅವಳನ್ನು ಯಾರೂ ತಡೆಯುವುದಿಲ್ಲ. ಪೊಲೀಸ್ ಇಲ್ಲ, ಅತ್ತೆ ಇಲ್ಲ, ಗಂಡ ಬೇಡ ಅನ್ನುವುದಿಲ್ಲ. ಖಾಲಿ ಟಾಕಿಯೊಂದೇ ಸಾಕು. ಸ್ವಾತಂತ್ರ್ಯ ಕಿತ್ತುಕೊಂಡವರು ಯಾರು ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಹಾಗಾಗಿ ಅದನ್ನು ಯಾರೂ ಸ್ವಾತಂತ್ರ್ಯದ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಮಳೆ ಬಿಸಿಲಿನ ಸಾಲಿಗೆ ಸೇರಿಸಿ ಸುಮ್ಮನಾಗಿದ್ದೇವೆ.

ಕಾನೂನು ಕೊಟ್ಟಿದ್ದನ್ನು ಊರು ಕೊಡದೆ ಇರುವುದು ಹೊಸದೇನಲ್ಲ. ನೀರಿನ ವಿಷಯದಲ್ಲಂತೂ ಅಲ್ಲ. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ, ಬಾವಿಗಳನ್ನು ದಲಿತರು ಬಳಸಬಹುದು ಅಂತ ನಿರ್ಣಯ ಮಾಡಿತು. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಈಗ ಮಹಾರಾಷ್ಟ್ರದಲ್ಲಿರುವ ಮಹಾಡದ ಪುರಸಭೆಯೂ ಒಪ್ಪಿಕೊಂಡಿತ್ತು. ಆದರೂ ಅಲ್ಲಿನ ಚವದಾರ ಕೆರೆಯ ನೀರು ಮುಟ್ಟಲು ದಲಿತರನ್ನು ಬಿಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ನಂತರ ಅಲ್ಲಿ ಸೇರಿದ್ದ ದಲಿತರ ಮೇಲೆ ಹಲ್ಲೆ ನಡೆಯಿತು. ಕೋರ್ಟಿನಲ್ಲಿ ಆ ಕೆರೆಯ ಕೇಸು ಮುಗಿಯಲು 1937 ಬಂತು. ಅವ್ವನ ಕಷ್ಟವನ್ನು ಅದರ ಪಕ್ಕದಲ್ಲಿ ಇಡಲಾರೆ. ಆ ಅವಮಾನವೇ ಬೇರೆ. ಆದರೆ ಅಂಬೇಡ್ಕರ್ ಅಲ್ಲಿ ತೋರಿಸಿದ ಒಂದು ಸತ್ಯ ಇವತ್ತಿಗೂ ಹೊಂದುತ್ತದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಕೈಗೆ ನೀರು ಸಿಗಬೇಕು. 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ಶುದ್ಧ ನೀರು, ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಹೇಳಿ ಎಷ್ಟು ವರ್ಷವಾಯಿತು!

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಡೆಂಗಿ ಹರಡುವ ಸೊಳ್ಳೆ ಗಟಾರದಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಬೇಕಾದ್ದು ನಿಂತ ತಿಳಿನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟರಿಂದ ಹತ್ತು ದಿನ. ನಮ್ಮಲ್ಲಿ ನೀರು ಬರುವುದೂ ಎಂಟು ಹತ್ತು ದಿನಕ್ಕೊಮ್ಮೆ. ಅಷ್ಟು ದಿನ ಪ್ರತಿ ಮನೆಯಲ್ಲೂ ಡ್ರಮ್ಮು, ಟಾಕಿ, ಹಂಡೆ ತುಂಬಿ ನಿಂತಿರುತ್ತವೆ. ಬೇಕು ಅಂತಲೇ ಸೊಳ್ಳೆ ಸಾಕಿದರೂ ಇಷ್ಟು ಅನುಕೂಲ ಮಾಡಿಕೊಡಲು ಆಗುತ್ತಿರಲಿಲ್ಲ. 2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಜೋರಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಅಂತ ನಿಯಮ ಬಂತು. ನೀರು ಮುಚ್ಚಿಡಿ, ವಾರಕ್ಕೊಮ್ಮೆ ಪಾತ್ರೆ ತಿಕ್ಕಿ ಒಣಗಿಸಿ ಅನ್ನುವ ಸಲಹೆ ಸರಿಯೇ. ಆದರೆ ಒಣಗಿಸಿದ ಡ್ರಮ್ಮಿಗೆ ಮತ್ತೆ ನೀರು ಯಾವಾಗ ಸಿಗುತ್ತದೆ ಅನ್ನೋದನ್ನು ಹೇಳುವವರಿಲ್ಲ. ನೀರು ಕೂಡಿಡದೆ ಬದುಕಲು ಆಗದ ಹಾಗೆ ಮಾಡಿ, ಕೂಡಿಟ್ಟ ನೀರಿಗೆ ದಂಡ ಹಾಕುವುದು ಯಾವ ನ್ಯಾಯ? ನಮ್ಮ ಓಣಿಯಲ್ಲೇ ಪಿಯುಸಿ ಓದುತ್ತಿದ್ದ ಹುಡುಗಿ ಡೆಂಗಿಯಿಂದ ಆಸ್ಪತ್ರೆಗೆ ಸೇರಿ ಪರೀಕ್ಷೆ ತಪ್ಪಿಸಿಕೊಂಡಳು. ಅದೇ ಹುಡುಗಿ ಅವರಮ್ಮ ಕೆಲಸಕ್ಕೆ ಹೋದಾಗ ನೀರು ಹಿಡಿಯಲು ಕಾಲೇಜು ಬಿಟ್ಟು ಮನೆಯಲ್ಲಿ ಉಳಿಯುತ್ತಿದ್ದಳು.

ಹೀಗಿದ್ದರೂ ನಮ್ಮ ಜನ ಯಾಕೆ ಎದ್ದು ನಿಲ್ಲುವುದಿಲ್ಲ? ನೀರಿಗಾಗಿ ಹೋರಾಡುವುದು ನಮಗೆ ಗೊತ್ತಿಲ್ಲದ್ದಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ಕಾಲುವೆಯ ಕರದ ವಿಷಯಕ್ಕೆ ಬಂಡೆದ್ದು ಸರ್ಕಾರವನ್ನೇ ನಡುಗಿಸಿದರು. 2015ರಲ್ಲಿ ಅದೇ ನರಗುಂದದಲ್ಲಿ ಮಹದಾಯಿ ನದಿಯ ನೀರಿಗಾಗಿ ಧರಣಿ ಕೂತವರು ವರ್ಷಗಟ್ಟಲೆ ಏಳಲಿಲ್ಲ. 2018ರಲ್ಲಿ ನ್ಯಾಯಮಂಡಳಿ ಆ ನದಿಯ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಒಟ್ಟು 3.9 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ತಿರುಗಿಸಿಕೊಳ್ಳಲು ಒಪ್ಪಿತು. ಆ ಸಂಖ್ಯೆ ನಮ್ಮ ಕಡೆಯ ಸಣ್ಣ ಹುಡುಗರಿಗೂ ಗೊತ್ತು.

ನಾನು ಒಮ್ಮೆ ಕೂತು ಲೆಕ್ಕ ಹಾಕಿದೆ. ನಗರದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನೋದು ನಮ್ಮ ದೇಶದಲ್ಲಿ ಒಪ್ಪಿಕೊಂಡ ಅಳತೆ. ಹುಬ್ಬಳ್ಳಿ ಧಾರವಾಡದ ಜನಸಂಖ್ಯೆ 2011ರ ಜನಗಣತಿಯಲ್ಲಿ 9.43 ಲಕ್ಷ. ಲೆಕ್ಕಕ್ಕೆ 10 ಲಕ್ಷ ಹಿಡಿಯೋಣ. ದಿನಕ್ಕೆ 13.5 ಕೋಟಿ ಲೀಟರ್. ವರ್ಷಕ್ಕೆ ಸುಮಾರು 1.75 ಟಿಎಂಸಿ. ಸೋರಿಕೆ, ಬೆಳೆದ ಜನಸಂಖ್ಯೆ ಎಲ್ಲ ಸೇರಿಸಿ ಇದನ್ನು ದುಪ್ಪಟ್ಟು ಮಾಡಿದರೂ ಮೂರೂವರೆ. ನಮಗೆ ನೀರು ಬರುವ, ಸವದತ್ತಿ ಹತ್ತಿರ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟು ತುಂಬಿದರೆ 37.73 ಟಿಎಂಸಿ. ಅದು ತುಂಬುವ ವರ್ಷಗಳು ಕಡಿಮೆ, ರೈತರ ಪಾಲು ದೊಡ್ಡದು, ಎಲ್ಲ ಒಪ್ಪುತ್ತೇನೆ. ಆದರೂ ಕುಡಿಯುವ ನೀರಿಗೆ ಬೇಕಾದ್ದು ಇಷ್ಟೇ. ನದಿಯಲ್ಲಿ ನಮ್ಮ ಪಾಲು ಎಷ್ಟು ಅಂತ ನಾವು ನಲವತ್ತು ವರ್ಷದಿಂದ ಕೇಳಿದ್ದೇವೆ. ಬಂದ ನೀರು ಪೈಪಿನಲ್ಲಿ ಎಲ್ಲಿ ಹೋಗುತ್ತದೆ, ನಮ್ಮ ಓಣಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಅಂತ ಅಷ್ಟೇ ಜೋರಾಗಿ ಕೇಳಿಲ್ಲ. ಟಿಎಂಸಿ ಗಂಡಸರ ಮಾತು, ಧರಣಿಯ ಮಾತು, ಭಾಷಣದ ಮಾತು. ನಳದ ಹೊತ್ತು ಹೆಂಗಸರ ಮಾತಾಗಿ ಅಂಗಳದಲ್ಲೇ ಉಳಿಯಿತು.

ಕೇಳದೆ ಇರಲು ಇನ್ನೊಂದು ಕಾರಣವೂ ಇದೆ. ಜೋರಾಗಿ ಕೇಳಬಲ್ಲವರ ಮನೆಯಲ್ಲಿ ಆಗಲೇ ಸಂಪು ಇದೆ, ಬೋರ್‌ವೆಲ್ ಇದೆ, ಮಾಳಿಗೆ ಮೇಲೆ ದೊಡ್ಡ ಟ್ಯಾಂಕ್ ಇದೆ. ಹತ್ತು ದಿನಕ್ಕೊಮ್ಮೆ ಬಂದರೂ ಅವರ ನಳದಲ್ಲಿ ನೀರು ನಿಲ್ಲುವುದಿಲ್ಲ. ಹಣ ಕೊಟ್ಟು ಅವರು ತಮ್ಮ ಬಿಡುಗಡೆ ಕೊಂಡುಕೊಂಡಿದ್ದಾರೆ. ಎರಡು ಕೋಣೆಯ ಬಾಡಿಗೆ ಮನೆಯವರು ಎಷ್ಟು ಕೊಡ ಇಟ್ಟಾರು? ಮಾಲೀಕರು ಮೋಟಾರಿನ ಸ್ವಿಚ್ಚು ಹಾಕಿದಾಗಷ್ಟೇ ಅವರಿಗೆ ನೀರು. ಅವರು ದೂರು ಕೊಡುವುದೂ ಇಲ್ಲ. ಕೊಟ್ಟರೆ ಮನೆ ಖಾಲಿ ಮಾಡಿ ಅಂತಾರೆ ಅನ್ನುವ ಹೆದರಿಕೆ. ಪುರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ ವಿಷಯ. ಇಲ್ಲಿ ಕೊಳೆಗೇರಿಯ ಮನೆಗೂ ಒಳಗೇ ನಳ, ಅದಕ್ಕೂ ಮೀಟರ್, ಅದಕ್ಕೂ ದಿನವಿಡೀ ನೀರು. ನಮ್ಮ ಮನೆ ಕೆಲಸಕ್ಕೆ ಬರುವ ಅಮ್ಮ ಬೆಳಗ್ಗೆ ಸರಿಯಾಗಿ ಏಳಕ್ಕೆ ಬರುತ್ತಾರೆ. ಧಾರವಾಡದಲ್ಲಿ ಅವ್ವನ ಮನೆಗೆ ಬರುವವರು ನೀರು ಬಂದ ದಿನ ಬರುವುದೇ ಇಲ್ಲ. ಅವತ್ತಿನ ಕೂಲಿ ಹೋಗುತ್ತದೆ. ಬರಲು ಅವರಿಗೆ ಮನಸ್ಸಿಲ್ಲ ಅಂತಲ್ಲ, ಅವರ ಓಣಿಗೂ ಅವತ್ತೇ ನೀರು.

ಇದು ನಮ್ಮಲ್ಲಿ ಆಗದ ಕೆಲಸ ಅಂದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಆಗಿ ತೋರಿಸಿದೆ ನಮ್ಮದೇ ಊರು. 2008ರ ಹೊತ್ತಿಗೇ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಕೊಟ್ಟರು. ಪುರಿಗಿಂತ ಹತ್ತು ವರ್ಷಕ್ಕೂ ಮೊದಲು! ಆಗ ಬೇರೆ ರಾಜ್ಯದವರು ಇದನ್ನು ನೋಡಲು ಬರುತ್ತಿದ್ದರು. ನಮ್ಮ ಚಿಕ್ಕಮ್ಮನ ಮನೆ ಅಂಥ ಒಂದು ವಾರ್ಡಿನಲ್ಲಿದೆ. ಅವರು ಕಾಶಿಗೂ ಹೋಗಿ ಬಂದರು, ಮಗಳ ಬಾಣಂತನಕ್ಕೆ ಪುಣೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದರು. ಅವ್ವ ಇರುವುದು ಬೇರೆ ವಾರ್ಡಿನಲ್ಲಿ. ಒಂದೇ ತಾಯಿಯ ಮಕ್ಕಳು, ಒಂದೇ ಊರು. ಮಾದರಿ ಅಂತ ಮಾಡಿದ್ದನ್ನು ಮಾದರಿಯಾಗಿಯೇ ಇಷ್ಟು ವರ್ಷ ಬಿಟ್ಟರಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಪುರಿಯ ಪರ ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಪುರಿ ಸಣ್ಣ ಊರು. 2011ರಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ. ಭೂಮಿ ಚಪ್ಪಟೆ, ಹತ್ತಿರದಲ್ಲೇ ಭಾರ್ಗವಿ ನದಿ, ಮಳೆಯೂ ಜಾಸ್ತಿ. ನಮ್ಮದು ಏರುತಗ್ಗಿನ ಅವಳಿ ನಗರ. ಮಲಪ್ರಭೆಯಿಂದ ಅಷ್ಟು ದೂರ ನೀರು ಎತ್ತಿ ತರಬೇಕು. ಬರದ ವರ್ಷದಲ್ಲಿ ನಮ್ಮ ಇನ್ನೊಂದು ಆಸರೆಯಾದ ನೀರಸಾಗರ ಜಲಾಶಯದ ತಳ ಬಿರುಕು ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ದೇವರ ಊರು, ಪ್ರವಾಸಿಗರ ಊರು ಅಂತ ಒಡಿಶಾ ಸರ್ಕಾರ ಪುರಿಗೆ ಜಾಸ್ತಿ ಗಮನ ಕೊಟ್ಟಿದೆ ಅನ್ನೋದೂ ನಿಜ. ಇದೇ ರಾಜ್ಯದ ಹಳ್ಳಿಗಳಲ್ಲಿ ಕೊಡ ಹೊತ್ತು ದೂರ ನಡೆಯುವ ಹೆಂಗಸರನ್ನು ಸಾಲ ವಸೂಲಿಗೆ ಹೋದಾಗ ಕಂಡಿದ್ದೇನೆ.

ಚಂಡಮಾರುತದ ಹೆದರಿಕೆಯೂ ಇಲ್ಲಿ ಸದಾ ಇದೆ. 2019ರ ಮೇ 3ರಂದು ಫನಿ ಪುರಿಯ ಹತ್ತಿರವೇ ದಡಕ್ಕೆ ಬಡಿಯಿತು. ವಾರಗಟ್ಟಲೆ ಕರೆಂಟ್ ಇರಲಿಲ್ಲ. ಆ ದಿನಗಳಲ್ಲಿ ನೀರಿಗೆ ಹೇಗೆ ಒದ್ದಾಡಿದರು ಅಂತ ಇಲ್ಲಿನವರು ಇವತ್ತಿಗೂ ಹೇಳುತ್ತಾರೆ. ಮೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ ಕಡಲಲ್ಲಿ ವಾಯುಭಾರ ಕುಸಿದರೆ ಸಾಕು, ಊರಿಗೆ ಊರೇ ಕೆಲಸ ಬಿಟ್ಟು ಆಕಾಶ ನೋಡುತ್ತದೆ. ಅವ್ವನಿಗೆ ಆ ಭಯ ಗೊತ್ತಿಲ್ಲ. ನಳದಲ್ಲಿ ನೀರು ಬಂದ ಮಾತ್ರಕ್ಕೆ ಇಲ್ಲಿನ ಹೆಂಗಸರೆಲ್ಲ ಹಾಯಾಗಿದ್ದಾರೆ ಅಂತಲೂ ಹೇಳಲಾರೆ. ಜಲಸಾಥಿ ದೀದಿಯೂ ಮನೆಗೆ ಹೋಗಿ ಒಲೆ ಹಚ್ಚಬೇಕು. ಪಕ್ಕದ ಮನೆಯ ಸೊಸೆ ಹೊರಗೆ ಹೋಗಲು ಮನೆಯವರನ್ನು ಕೇಳಬೇಕು. ನೀರು ಬಿಟ್ಟ ಹಿಡಿತವನ್ನು ಮನೆಯವರು ಹಿಡಿದಿರುವ ಉದಾಹರಣೆಗಳು ಎಷ್ಟು ಬೇಕಾದರೂ ಇವೆ. ಶಕ್ತಿ ಯೋಜನೆಯ ಬಗ್ಗೆ ಹೇಳಿದರೆ ಇಲ್ಲಿನ ಸಹೋದ್ಯೋಗಿಗಳು ಕಣ್ಣರಳಿಸಿ ಕೇಳುತ್ತಾರೆ. ಆ ಕೀರ್ತಿ ನಮ್ಮ ರಾಜ್ಯಕ್ಕೇ ಸಲ್ಲಬೇಕು.

ಈಗ ನಮ್ಮ ಅವಳಿ ನಗರ ಪೂರ್ತಿಗೆ 24 ಗಂಟೆ ನೀರು ಕೊಡುವ ಕೆಲಸ ನಡೆದಿದೆ. ಅವ್ವನ ಓಣಿಯನ್ನೂ ಅಗೆದಿದ್ದಾರೆ. ಹೊಸ ಪೈಪು ನೋಡಿ ಅವಳಿಗೆ ಖುಷಿ, ರಸ್ತೆಯ ಕೆಸರು ನೋಡಿ ಬೇಜಾರು. ಕೆಲಸ ಮುಗಿಯಲು ಇನ್ನೂ ಸಮಯ ಬೇಕು ಅನ್ನುತ್ತಾರೆ. ಬೇಕಾದಷ್ಟು ತಗೊಳ್ಳಲಿ, ಆದರೆ ಈ ಸಲ ಮಾದರಿ ವಾರ್ಡು ಅಂತ ಬೇಲಿ ಹಾಕದಿರಲಿ. ಬಾಡಿಗೆ ಮನೆಗಳಿಗೆ, ಗುಡಿಸಲುಗಳಿಗೆ ಮೊದಲು ಕೊಡಲಿ. ಸಂಪು ಇದ್ದವರು ಕಾಯಬಹುದು.

ಅಲ್ಲಿಯವರೆಗೆ ಒಂದು ಕೆಲಸ ನಾಳೆಯೇ ಮಾಡಬಹುದು. ಇದಕ್ಕೆ ಪೈಪು ಬೇಡ, ಸಾಲ ಬೇಡ, ಮಹದಾಯಿಯೂ ಬೇಡ. ಯಾವ ಓಣಿಗೆ ಯಾವತ್ತು, ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಅಂತ ಎರಡು ದಿನ ಮುಂಚೆ ಮೊಬೈಲಿಗೆ ಒಂದು ಮೆಸೇಜು ಹಾಕಬೇಕು. ಮೊಬೈಲ್ ಇಲ್ಲದವರಿಗೆ ಓಣಿಯ ಅಂಗಡಿಯ ಗೋಡೆ ಮೇಲೆ ಬರೆಯಬೇಕು. ಬರೆದ ಹೊತ್ತಿಗೆ ಬಿಡಬೇಕು. ತಪ್ಪಿದರೆ ಯಾಕೆ ತಪ್ಪಿತು ಅಂತಲೂ ಬರೆಯಬೇಕು. ವಾಲ್ವ್ ತಿರುಗಿಸುವವರಿಗೆ ತಮ್ಮ ಸರದಿ ಗೊತ್ತೇ ಇರುತ್ತದೆ. ಅವರಿಗೆ ಗೊತ್ತಿರುವುದು ಮನೆಯಲ್ಲಿ ಕಾದು ಕೂತವರಿಗೂ ಗೊತ್ತಾಗಬೇಕು, ಅಷ್ಟೇ. ಈ ಮಾತನ್ನು ನಮ್ಮ ವಾರ್ಡಿನ ಸದಸ್ಯರಿಗೆ ಬರೆದು ಕಳಿಸಿದ್ದೇನೆ. ಓಣಿಯ ಹೆಂಗಸರೆಲ್ಲ ಸಹಿ ಹಾಕಿದ್ದಾರೆ. ಮೊದಲ ಸಹಿ ಅವ್ವನದು.